ಘಟದ ಹಿಂದಿದ್ದ ಪುಸ್ತಕ

ಈ ವರ್ಷ ಬಾಗೇವಾಡಿಯಲ್ಲಿ, ನಮ್ಮ ಓಣಿಯ ಹಿಂದಿನ ಕಾಲೇಜಿನ ಗ್ಯಾದರಿಂಗಿನಲ್ಲಿ, ಸಂಸ್ಥೆಯ ಅಧ್ಯಕ್ಷರಾದ ಸಂಗಣ್ಣ ಸಾವ್ಕಾರರು ಮೈಕು ಹಿಡಿದು ಒಂದು ಮಾತು ಹೇಳಿದರು: "ನಮ್ಮ ತಾಯಿಯವರ ಹೆಸರಿನ ಬಡ ವಿದ್ಯಾರ್ಥಿಗಳ ಪುಸ್ತಕ ಭಂಡಾರದ ಪುಸ್ತಕ ಓದಿ, ಸಾವಿತ್ರವ್ವ ಎಂಬ ಹೆಣ್ಣುಮಗಳು ಬಿ.ಎ. ಪಾಸಾಗಿದ್ದಾಳೆ. ತಾಯಿಯವರ ಆತ್ಮಕ್ಕೆ ಇದರಿಂದ ಶಾಂತಿ ಸಿಕ್ಕಿದೆ." ಮಂಟಪದ ತುಂಬ ಚಪ್ಪಾಳೆ.

ನಾನು ಎದ್ದು ನಿಂತು, "ಸುಳ್ಳ ಐತ್ರಿ ಅದು," ಅಂದೆ. ಅಷ್ಟರಲ್ಲಿ ಬ್ಯಾಂಡಿನವರು ಬಾರಿಸತೊಡಗಿದರು. ಹಿಂದೆ ಕೂತಿದ್ದ ಹುಡುಗನೊಬ್ಬ, "ಆಯಿ, ಕುಂದ್ರಬೇ, ಡಾನ್ಸ್ ಕಾಣವಲ್ದು," ಅಂದ.

ಕೂತೆ. ಸಿಟ್ಟು ಕೂರಲಿಲ್ಲ. ಮನೆಗೆ ಬಂದರೂ ಕೂರಲಿಲ್ಲ. ನಾಲ್ಕನೆಯ ಇಯತ್ತೆ ಓದಿ ಬಿಟ್ಟವಳು ನಾನು. ಅಕ್ಷರ ದಪ್ಪ, ಸಾಲು ಸೊಟ್ಟ. ಆದರೆ ಬ್ಯಾಂಡು ಬಾರಿಸಿ ಮುಚ್ಚಲು ಬರುವುದು ಬಾಯಿಯ ಮಾತನ್ನು ಮಾತ್ರ. ಅದಕ್ಕೇ ಬರೆಯುತ್ತಿದ್ದೇನೆ.

ಸಾವಿತ್ರವ್ವ ಹುಟ್ಟಿದ್ದು ಇಂಡಿ ತಾಲೂಕಿನ ಸಾಲೋಟಗಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ. ಅಪ್ಪ ರಾವಸಾಬ ಊರಿನ ವಾಲೀಕಾರ. ಸಾಹೇಬರು ಯಾರೇ ಬಂದರೂ ಅವರ ಮುಂದೆ ಕೋಲು ಹಿಡಿದು ನಡೆಯುವುದು, ದಾರಿ ತೋರಿಸುವುದು ಅವನ ಕೆಲಸ. ಆ ಊರಲ್ಲಿ ಹಳೆಯ ಕಾಲದ ಬರಹದ ಕಲ್ಲೊಂದಿದೆ. ಒಮ್ಮೆ ಅದನ್ನು ನೋಡಲು ಬಂದ ಸಾಹೇಬರೊಬ್ಬರು ತಮ್ಮ ಜೊತೆಯವರಿಗೆ ಅದರ ಅರ್ಥ ಹೇಳುತ್ತಿದ್ದರಂತೆ. ರಾವಸಾಬ ದೂರ ನಿಂತು ಕೇಳಿಸಿಕೊಂಡ. ಸಾವಿರ ವರ್ಷದ ಹಿಂದೆ ಈ ಊರಲ್ಲಿ ದೊಡ್ಡ ಶಾಲೆ ಇತ್ತು, ಬೇರೆ ಬೇರೆ ದೇಶದಿಂದ ಬಂದವರು ಇಲ್ಲೇ ಇದ್ದು ಓದುತ್ತಿದ್ದರು, ಅವರಿರಲು ಮನೆ ಬಿಟ್ಟಿದ್ದರು, ರಾತ್ರಿ ಓದುವವರ ದೀಪದ ಎಣ್ಣೆಗೂ ಹೊಲ ಬಿಟ್ಟಿದ್ದರು ಎಂದು.

ಮನೆಗೆ ಬಂದು ಹೆಂಡತಿ ಸೀತವ್ವನಿಗೆ ಅವನು ಅಂದದ್ದನ್ನು ಸಾವಿತ್ರವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ. "ಎಣ್ಣಿಗೆ ಹೊಲ ಬಿಟ್ಟಿದ್ರಂತ ಕೇಳ. ಇಂಥಾ ಊರಾಗ ಹುಟ್ಟಿ ನಮ್ಮ ಕೂಸು ಕಸಾ ಹೊಡೀಬೇಕೇನ? ನಾಳಿಂದ ಸಾಲಿಗಿ ಹೋಗ್ಲಿ." ಹೇಳಿ ಮುಗಿಸಿ ಆಕೆ ನಗುತ್ತಿದ್ದಳು. "ಸಾವಿರ ವರ್ಷದ ಹಿಂದಿನ ಆ ಸಾಲಿಯಾಗೂ ನಮ್ಮಪ್ಪನ್ನ ಒಳಗ ಬಿಡ್ತಿದ್ದಿಲ್ಲ, ಆಯಿ. ಖರೇ ಅಂದ್ರ ಅವಂಗ ಅದು ಹೊಳೀಲೇ ಇಲ್ಲ. ಹೊಳೀಲಿಲ್ಲ ಅಂತ ನಾ ಉಳಕೊಂಡೆ."

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಇಂಡಿಯಲ್ಲಿ ಹೈಸ್ಕೂಲು ಮುಗಿಸಿ, ಬಿಜಾಪುರದಲ್ಲಿ ಸರ್ಕಾರದ ಹಾಸ್ಟೆಲಿನಲ್ಲಿದ್ದು ಟ್ರೇನಿಂಗ್ ಮಾಡಿ, ಗೊಳಸಂಗಿಯ ಶಾಲೆಗೆ ಮಾಸ್ತರಿಕೆಗೆ ಬಂದಳು. ಊರಲ್ಲಿ ಮನೆ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂದು ಬರೆಯುವ ಅಗತ್ಯವಿಲ್ಲ, ಎಲ್ಲರಿಗೂ ಗೊತ್ತು. ಬಾಗೇವಾಡಿಯಲ್ಲಿ ನನ್ನ ಮನೆಯ ಮುಂದಿನ ಖೋಲಿ ಖಾಲಿ ಇತ್ತು. ನಾನು ಕಾಲೇಜಿನ ಹುಡುಗರಿಗೆ ರೊಟ್ಟಿ ಬಡಿದು ಕೊಟ್ಟು ಬದುಕುವವಳು. ಬಾಡಿಗೆ ಅಂದಳು, ಇರು ಅಂದೆ. ಓಣಿಯ ತಿಪ್ಪವ್ವ ಮೆಲ್ಲಗೆ ಬಂದು, "ಯಾರಿಗಿ ಖೋಲಿ ಕೊಟ್ಟೀದಿ ಗೊತ್ತೈತೇನಬೇ ಶಂಕ್ರೆವ್ವ?" ಅಂತ ಕೇಳಿದಳು. "ಸಾಲಿ ಅಕ್ಕೋರಿಗಿ ಕೊಟ್ಟೇನಿ. ನಿನ್ನ ಮಮ್ಮಗಗ ಮಗ್ಗಿ ಬರವಲ್ದು, ಕಳಿಸು," ಅಂದೆ. ಕಳಿಸಲಿಲ್ಲ. ಆ ಹುಡುಗನಿಗೆ ಇವತ್ತಿಗೂ ಮಗ್ಗಿ ಬರುವುದಿಲ್ಲ.

ದಿನಾ ಬೆಳಿಗ್ಗೆ ಬಸ್ಸಿಗೆ ಗೊಳಸಂಗಿ, ಸಂಜೆ ವಾಪಸು. ಹೀಗೇ ಇದ್ದುಬಿಡಬಹುದಿತ್ತು. ಆದರೆ ಆಕೆಗೆ ಹೈಸ್ಕೂಲಿನಲ್ಲಿ ಕಲಿಸಬೇಕು ಅಂತ ಆಸೆ. ಅದಕ್ಕೆ ಬಿ.ಎ. ಆಗಬೇಕು. ನೌಕರಿ ಬಿಟ್ಟು ಕಾಲೇಜಿಗೆ ಹೋದರೆ ಸಾಲೋಟಗಿಯಲ್ಲಿ ಒಲೆ ಹತ್ತುವುದಿಲ್ಲ. ಯಾವ ದಾರಿ ಇದೆ ಎಂದು ಕೇಳಲು ಒಂದು ರವಿವಾರ ಕಾಲೇಜಿನ ಆಫೀಸಿಗೆ ಹೋದಳು. ಅಲ್ಲಿದ್ದವನು ಗುರಣ್ಣ. ಆಫೀಸಿನ ಕಾರಕೂನನೂ ಅವನೇ, ಗ್ರಂಥಾಲಯದ ಬೀಗದ ಕೈ ಇದ್ದದ್ದೂ ಅವನ ಉಡದಾರದಲ್ಲೇ.

"ಬಿ.ಎ. ಮಾಡ್ಬೇಕಂದ್ರ ಏನ್ ದಾರಿ ಐತ್ರಿ?" ಅಂದಳಂತೆ.

"ಹೆಣ್ಮಕ್ಕಳಿಗೆ ಒಂದ ದಾರಿ ಐತಿ. ಮದಿವಿ," ಅಂದನಂತೆ ಗುರಣ್ಣ. ಕೂತಿದ್ದವರೆಲ್ಲ ನಕ್ಕರಂತೆ.

ದಾರಿ ಇತ್ತು. ಹೇಳಬೇಕಾದವನಿಗೆ ಗೊತ್ತೂ ಇತ್ತು. ಹೇಳಲಿಲ್ಲ. ಹೇಳಲೆಂದೇ ಸಂಬಳ ತೆಗೆದುಕೊಳ್ಳುವವನು ಹೇಳಲಿಲ್ಲ. ನನ್ನ ಮೊದಲ ಸಿಟ್ಟು ಇದು.

ದಾರಿ ತೋರಿಸಿದವರು ಮುದ್ದೇಬಿಹಾಳದ ಫಕ್ರುದ್ದೀನ ಮಾಸ್ತರರು. ಶಿಕ್ಷಕರ ಒಂದು ಸಭೆಯಲ್ಲಿ ಭೇಟಿಯಾದವರು. ಮುಂದೆ ಬಾಗೇವಾಡಿಗೆ ಬಂದಾಗೆಲ್ಲ ನನ್ನ ರೊಟ್ಟಿ ಉಂಡು ಹೋಗುತ್ತಿದ್ದರು. "ಮನ್ಯಾಗ ಕೂತು ಓದಿ ಪರೀಕ್ಷಾ ಕಟ್ಟಬೌದು ಅಕ್ಕೋರ. ಕಾಲೇಜಿಗಿ ಹೋಗೂದ ಬ್ಯಾಡ. ಧಾರವಾಡಕ್ಕ ಅರ್ಜಿ ಹಾಕ್ರಿ, ಬಿಜಾಪುರದಾಗ ಕೂತು ಬರೀರಿ. ನಾನೂ ಹಂಗ ಆದವ. ನಮ್ಮ ಮನಿಯಾಕಿ ಖಾತುನಬಿ ಕೇಳ್ತಿದ್ಲು, ಈ ಮನಷ್ಯಾ ಬಿ.ಎ. ಮಾಡಾಕತ್ಯಾನೋ, ಎಮ್ಮಿ ಹಂಗ ಮೆಲುಕ ಹಾಕಾಕತ್ಯಾನೋ ಅಂತ."

"ಪುಸ್ತಕ ಎಲ್ಲಿಂದ ತರ್ಲೆರಿ?"

"ಅದನ್ನ ಮಾತ್ರ ಕೇಳಬ್ಯಾಡ್ರಿ. ಬಿ.ಎ. ಸಸ್ತಾ ಐತಿ, ಪುಸ್ತಕ ಸಿಗೂದ ಕಷ್ಟ ಐತಿ."

ಆಗ ನನಗೆ ನೆನಪಾಯಿತು. ಸಾವ್ಕಾರರು ತಾಯಿಯ ಹೆಸರಿನಲ್ಲಿ ಆ ಪುಸ್ತಕ ಭಂಡಾರ ಮಾಡಿದಾಗ ಊರಿಗೆಲ್ಲ ಬುಂದೆ ಹಂಚಿದ್ದರು. ಭಂಡಾರ ಅಂದರೆ ಕಾಲೇಜಿನ ಗ್ರಂಥಾಲಯದಲ್ಲಿಟ್ಟ, ಗಾಜಿನ ಬಾಗಿಲಿನ ಒಂದು ದೊಡ್ಡ ಕಪಾಟು. ಅದರ ಮೇಲೆ ತಾಯಿಯ ಫೋಟೋ. ಆ ದಿನ ಅವರು ಮಾಡಿದ ಭಾಷಣ ನಾನು ಕೇಳಿದ್ದೆ. "ಈ ಕಪಾಟು ನಮ್ಮ ಕಾಲೇಜಿನವರಿಗಷ್ಟೇ ಅಲ್ಲ, ಓದಬೇಕೆನ್ನುವ ಬಡವರು ಯಾರೇ ಬಂದರೂ ತೆರೆದಿರುತ್ತದೆ" ಅಂದಿದ್ದರು. ಯಾರೇ ಬಂದರೂ ಅಂದದ್ದು ನನ್ನ ಕಿವಿಯಲ್ಲಿತ್ತು. ಕಿವಿಯಲ್ಲಿದ್ದದ್ದನ್ನು ಆಕೆಗೆ ಹೇಳಿದೆ.

ಹೋದಳು. ಸಾವ್ಕಾರರ ಮಾತು ಅಂತ ಗುರಣ್ಣ ಒಲ್ಲೆ ಅನ್ನಲಿಲ್ಲ. ಆದರೆ ಕಪಾಟಿನದು ಕೊಡಲಿಲ್ಲ. ಬೇರೆ ಕಡೆ ಗೋಡೆಯ ಸಾದಾ ಮಾಡದಲ್ಲಿದ್ದ ಹರಿದವು, ರಟ್ಟು ಕಿತ್ತವು ಕೊಡುತ್ತಿದ್ದ. ಕೊಡುವುದೂ ಹೇಗೆ? ಕೈಗೆ ಅಲ್ಲ. ಮೇಜಿನ ಮೇಲಿಟ್ಟು, ಗೆರೆ ಎಳೆಯುವ ಪಟ್ಟಿಯಿಂದ ಆಕೆಯ ಕಡೆ ಸರಿಸುತ್ತಿದ್ದ. ಒಳಗೆ ಕೂರುವಂತಿಲ್ಲ. "ಒಳಗ ಹುಡುಗೂರು ಓದ್ತಾವ, ಅಕ್ಕೋರ. ನೀವು ಹೊರಗ ಬೇವಿನ ಗಿಡದ ಬುಡಕ ಕುಂದರ್ರಿ, ಗಾಳಿ ಚಲೋ ಬರ್ತೈತಿ." ಮನೆಗೆ ಒಯ್ಯುವಂತೆಯೂ ಇರಲಿಲ್ಲ. ಸಂಜೆ ಬಸ್ಸಿಳಿದು ಕಣ್ಣಿಗೆ ಅಕ್ಷರ ಕಾಣುವವರೆಗೆ ಬೇವಿನ ಗಿಡದ ಕೆಳಗೆ, ರವಿವಾರ ಬೆಳಗಿನಿಂದ ಸಂಜೆಯವರೆಗೆ ಬೇವಿನ ಗಿಡದ ಕೆಳಗೆ. ಬೇವಿನ ಹಣ್ಣು ತಲೆಯ ಮೇಲೆ ಬೀಳುತ್ತಿದ್ದವು, ಕಾಗೆ ಏನೇನೋ ಮಾಡುತ್ತಿದ್ದವು.

ಓದಿದ್ದನ್ನು ಮರುದಿನ ನಸುಕಿನಲ್ಲಿ ನನ್ನ ಒಲೆಯ ಮುಂದೆ ಕೂತು ಜೋರಾಗಿ ಹೇಳುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ನಡುವೆ ತಪ್ಪಿದರೆ, "ನಿನ್ನಿ ಹಿಂಗ ಅಂದಿದ್ದಿಲ್ಲ," ಅನ್ನುತ್ತಿದ್ದೆ. "ನೀನೂ ಪರೀಕ್ಷಾಕ ಕುಂದ್ರ ಆಯಿ," ಅಂತ ನಗುತ್ತಿದ್ದಳು. ಹೀಗೆ ಒಂದು ವರ್ಷ ಪಾಸು, ಎರಡನೆಯದೂ ಪಾಸು. ಕಡೆಯ ವರ್ಷದಲ್ಲಿ ಎಲ್ಲ ಆಗಿ ಅರ್ಥಶಾಸ್ತ್ರದ ಒಂದು ಪೇಪರು ಮಾತ್ರ ಹೋಯಿತು. ಅದಕ್ಕೆ ಬೇಕಾದ ಪುಸ್ತಕವನ್ನೇ ಆಕೆ ಓದಿರಲಿಲ್ಲ. ಅಚ್ಚಾದ ಪ್ರತಿಗಳೆಲ್ಲ ತೀರಿದ್ದವು. ಫಕ್ರುದ್ದೀನ ಮಾಸ್ತರರು ಬಿಜಾಪುರದ ಅಂಗಡಿಗಳನ್ನೆಲ್ಲ ಕೇಳಿ ಬಂದರು, ಇಲ್ಲ. ಅವರು ಇತಿಹಾಸದವರು, ಅವರ ಹತ್ತಿರವೂ ಇರಲಿಲ್ಲ.

ಒಂದು ಪ್ರತಿ ಇತ್ತು. ಗಾಜಿನ ಕಪಾಟಿನಲ್ಲಿ. ಕೆಂಪು ರಟ್ಟು, ಬೆನ್ನಿನ ಮೇಲೆ ಬಂಗಾರದ ಅಕ್ಷರ. ಹೊರಗಿನಿಂದ ಹೆಸರು ಓದಬಹುದಿತ್ತು.

ಇನ್ನೊಂದು ಪೆಟ್ಟು ಇತ್ತು. ಮುಂದಿನ ವರ್ಷದಿಂದ ಪಠ್ಯ ಬದಲಾಗುತ್ತದೆ ಅಂತ ಸುದ್ದಿ ಬಂತು. ಹಳೆಯ ಪಠ್ಯದವರಿಗೆ ದಸರೆಯ ಬೆನ್ನಿಗೆ ಬರುವ ಪರೀಕ್ಷೆಯೇ ಕಡೆಯದು. ಅದರಲ್ಲಿ ಹೋದರೆ ಕಡೆಯ ವರ್ಷದ ಅಷ್ಟೂ ವಿಷಯ ಹೊಸದಾಗಿ ಓದಿ ಬರೆಯಬೇಕು. ಒಂದು ಪುಸ್ತಕ ಸಿಕ್ಕರೆ ಬಿ.ಎ.; ಸಿಗದಿದ್ದರೆ ಬೇವಿನ ಗಿಡದ ಕೆಳಗಿನ ಆ ವರ್ಷವೆಲ್ಲ ನೀರಿಗೆ.

ಪಿತೃಪಕ್ಷ ನಡೆದಾಗ ಗುರಣ್ಣನನ್ನು ಕೇಳಿದಳು. "ಕಪಾಟಿಂದು ನಂದಲ್ಲ, ಸಾವ್ಕಾರನ್ನ ಕೇಳ್ರಿ," ಅಂದ. ಸಾವ್ಕಾರರ ಮನೆಗೆ ಹೋದಳು. ಕಟ್ಟೆಯ ಕೆಳಗೆ ನಿಂತು ಕೇಳಿದಳು. ನಾನೂ ಜೊತೆಗಿದ್ದೆ.

"ಅಯ್ಯ ತಂಗಿ, ನಿನ್ನಂಥಾವ್ರು ಓದ್ಲಿ ಅಂತನ ನಾ ಕಪಾಟ ಇಟ್ಟೇನಿ. ಕೊಡೂನು, ಕೊಡೂನು," ಅಂದರು ಸಾವ್ಕಾರರು. ಅವರ ಮಾತು ಯಾವಾಗಲೂ ಬೆಲ್ಲ. "ಈಗ ಸುಣ್ಣ ಹಚ್ಚಾಕತ್ತಾರ, ಎಲ್ಲಾ ಅಸ್ತವ್ಯಸ್ತ ಐತಿ. ಘಟಸ್ಥಾಪನಿ ದಿನ ಬಾ."

ಘಟಸ್ಥಾಪನೆಯ ದಿನ ಹೋದಳು. ಕಾಲೇಜಿನಲ್ಲಿ ಪ್ರತಿ ವರ್ಷ ಆಫೀಸಿನ ಮೂಲೆಯಲ್ಲಿ ಸರಸ್ವತಿ ಫೋಟೋದ ಕೆಳಗೆ ಘಟ ಹಾಕುತ್ತಿದ್ದರು. ಪತ್ರಾವಳಿಯ ಮೇಲೆ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ನೀರಿನ ಗಡಿಗೆ ಇಟ್ಟು, ಪಕ್ಕಕ್ಕೆ ದೀಪ ಹಚ್ಚುತ್ತಾರೆ. ಬನ್ನಿ ಹಬ್ಬದವರೆಗೆ ಆ ದೀಪ ಆರಬಾರದು, ಆ ಗಡಿಗೆ ಅಲುಗಬಾರದು. ಆ ವರ್ಷ ಆಫೀಸಿನಲ್ಲಿ ಸುಣ್ಣ ಹಸಿ ಇತ್ತು. ಸಾವ್ಕಾರರಿಗೆ ಒಂದು ಭಕ್ತಿ ಹೊಳೆಯಿತು: "ನಮ್ಮವ್ವನ ಫೋಟೋದ ಕೆಳಗ ಹಾಕ್ರಿ. ಪುಸ್ತಕ ಅಂದ್ರನೂ ಸರಸ್ವತೀನ ಹೌದಲ್ಲ?"

ಹಾಕಿದರು. ಗಾಜಿನ ಕಪಾಟಿನ ಎರಡೂ ಬಾಗಿಲಿಗೆ ತಾಗಿಸಿ ಘಟ ಹಾಕಿದರು. ಸಾವಿತ್ರವ್ವ ಹೋಗಿ ನೋಡಿದಾಗ ಗುರಣ್ಣ ಊದಿನಕಡ್ಡಿ ಹಚ್ಚುತ್ತಿದ್ದ. ಗಡಿಗೆಯ ಹಿಂದೆ, ಗಾಜಿನ ಆಚೆ, ಕೆಂಪು ಪುಸ್ತಕ.

"ಗುರಣ್ಣಾರ, ಪುಸ್ತಕರಿ. ಸಾವ್ಕಾರು ಇವತ್ತ ಬಾ ಅಂದಿದ್ರು."

"ಕಣ್ಣ ಕಾಣ್ಸುದಿಲ್ಲೇನ್ರಿ? ಘಟ ಕುಂತೈತಿ."

"ಒಂದ ಬಾಗ್ಲ ಒಂದ್ ಗೇಣ ತಗದ್ರ ಸಾಕ್ರಿ. ಘಟಕ್ಕ ತಾಗೂದಿಲ್ಲ. ನೀವ ತಗೀರಿ, ನಾ ಬಾಗಲಾಗ ನಿಂತಿರ್ತೇನಿ."

"ಬಿತ್ತಿದ ಕಾಳು ಅಲುಗಿದ್ರ ಊರಿಗಿ ಕೇಡು. ನಿಮಗ ಅದೇನ್ ಗೊತ್ತು? ಬನ್ನಿ ಆದಮ್ಯಾಲ ಬರ್ರಿ."

ಬೇಕಂತಲೇ ಮಾಡಿದರು ಎಂದು ನಾನು ಹೇಳುವುದಿಲ್ಲ. ಬೇಕಂತ ಮಾಡಿದ್ದರೆ ಸಿಟ್ಟು ಇಷ್ಟು ಇರುತ್ತಿರಲಿಲ್ಲ. ಹಗೆ ಸಾಧಿಸುವವರು ಕಡೆಗೆ ಹಗೆಯವರನ್ನು ನೆನಪಾದರೂ ಇಟ್ಟುಕೊಂಡಿರುತ್ತಾರೆ. ಇವರಿಗೆ ಆಕೆಯ ನೆನಪೇ ಇರಲಿಲ್ಲ. ಬಾ ಅಂದದ್ದೂ ನೆನಪಿರಲಿಲ್ಲ. ಗಡಿಗೆ ಇಡುವಾಗ ಬಾಗಿಲು ಎಲ್ಲಿ ತೆರೆಯುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಆ ಬಾಗಿಲು ತೆರೆಯುವುದು ಯಾರಿಗೂ ರೂಢಿಯೇ ಇರಲಿಲ್ಲ.

ಓಣಿಯ ಹೆಣ್ಣುಮಕ್ಕಳು ಘಟದ ದೀಪಕ್ಕೆ ಎಣ್ಣೆ ಒಯ್ಯುವುದು ನಮ್ಮ ಕಡೆ ವಾಡಿಕೆ. ನಾನೂ ಒಯ್ದೆ. ಮನೆಯಲ್ಲಿ ಆಕೆ ಹಳೆಯ ಟಿಪ್ಪಣಿ ಹಿಡಿದು ಚಿಮಣಿಯ ಬೆಳಕಿಗೆ ಕಣ್ಣು ಕೀಲಿಸಿ ಕೂತಿದ್ದಳು. ನನ್ನ ಕೈಯ ಗಿಂಡಿ ನೋಡಿ ತಲೆ ಎತ್ತಿದಳು.

"ನಮ್ಮೂರ ಕಲ್ಲಿನ್ಯಾಗ ಓದೋರ ದೀಪಕ್ಕ ಎಣ್ಣಿ ಅಂತ ಬರದಾರ, ಆಯಿ. ಇಲ್ಲಿ ಪುಸ್ತಕದ ದೀಪಕ್ಕ ಎಣ್ಣಿ. ಓದಾಕಿಗಿ ಚಿಮಣಿ."

ಮರುದಿನದಿಂದ ಆ ಗಿಂಡಿ ಎಣ್ಣೆಯನ್ನು ಮನೆಯಲ್ಲೇ, ಆಕೆ ಓದುವ ಗೂಡಿನಲ್ಲಿ ಹಣತೆಗೆ ಹಾಕಿದೆ. ದೇವಿಗೆ ತಪ್ಪಿಲ್ಲ, ಆಕೆಯೂ ಹೆಣ್ಣು.

ಬನ್ನಿಯ ದಿನ ಬಂತು. ಪರೀಕ್ಷೆ ಆ ವಾರದಲ್ಲೇ. ಇನ್ನೂ ದಿನಗಳಿದ್ದವು. ಪುಸ್ತಕ ಸಿಕ್ಕರೆ ಕೂತು ಓದಿ ಬರೆಯುತ್ತೇನೆ ಎಂದು ಶಾಲೆಗೆ ರಜೆ ಹಾಕಿದ್ದಳು. ಸಂಜೆ ಊರೆಲ್ಲ ಬನ್ನಿ ಮುಡಿದು ಬಂತು. ನಮ್ಮ ಕಡೆ ಆ ಸಂಜೆಯ ರೀತಿ ಎಲ್ಲರಿಗೂ ಗೊತ್ತು: ಬನ್ನಿ ಎಲೆ ಒಬ್ಬರಿಗೊಬ್ಬರು ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂನು" ಅನ್ನುತ್ತಾರೆ. ಕೊಟ್ಟು ತೆಗೆದುಕೊಂಡ ಮೇಲೆ ಹಳೆಯ ಜಗಳ ಮುಗಿಯಿತು. ಹೊಲದ ಬದುವಿಗೆ ತಲೆ ಒಡೆದುಕೊಂಡವರೂ ಅವತ್ತು ಬನ್ನಿ ಒಲ್ಲೆ ಅನ್ನುವುದಿಲ್ಲ. ನನ್ನ ಆಯುಷ್ಯದಲ್ಲಿ ಒಲ್ಲೆ ಅಂದವರನ್ನು ನಾನು ನೋಡಿರಲಿಲ್ಲ.

ಸಾವ್ಕಾರರು ಗ್ರಂಥಾಲಯದಲ್ಲೇ ಗಾದಿ ಹಾಕಿಸಿ ಕೂತಿದ್ದರು. ಘಟ ಎತ್ತಿದ್ದರು. ಮೊಳಕೆಯನ್ನು ಮಂದಿ ರುಮಾಲಿಗೆ ಸಿಕ್ಕಿಸಿಕೊಂಡಿದ್ದರು. ನಾನು, ಸಾವಿತ್ರವ್ವ ಹೋದೆವು.

"ಬಾ ಶಂಕ್ರೆವ್ವ," ಅಂತ ಸಾವ್ಕಾರರು ನನ್ನ ಕೈ ಹಿಡಿದು ಅಂಗೈಯಲ್ಲಿ ಬನ್ನಿ ಇಟ್ಟರು. ನಾನೂ ಕೊಟ್ಟೆ. ಆಮೇಲೆ ಆಕೆಯ ಕಡೆ ನೋಡಿ, "ತಂಗಿ, ಪುಸ್ತಕ ಹೌದಲ್ಲ? ನಂಗ ನೆನಪೈತಿ. ಏ ಗುರಣ್ಣ, ತಗೀ ಅದನ್ನ," ಅಂದರು.

ಗುರಣ್ಣ ಬೀಗ ತೆಗೆದ. ಬಾಗಿಲು ಹಿಡಿದುಕೊಂಡಿತ್ತು, ಎರಡು ಸಲ ಜಗ್ಗಿದ ಮೇಲೆ ಬಂತು. ಕೆಂಪು ಪುಸ್ತಕ ತಂದು, ಧೂಳು ಊದಿ, ಸಾವ್ಕಾರರಿಗೆ ತೋರಿಸಲು ನಡುವೆ ತೆರೆಯಲು ಹೋದ. ತೆರೆಯಲಿಲ್ಲ. ಹಾಳೆಗಳ ಅಂಚು ಒಂದಕ್ಕೊಂದು ಕೂಡಿಕೊಂಡಿದ್ದವು. ಕೆಲವು ಪುಸ್ತಕ ಅಚ್ಚಿನ ಮನೆಯಿಂದ ಹಾಗೇ ಬರುತ್ತವಂತೆ. ಓದುವವರು ಚಾಕುವಿನಿಂದ ಅಂಚು ಸೀಳಿ ಬಿಡಿಸಿಕೊಳ್ಳಬೇಕಂತೆ. ಇದನ್ನು ಆಕೆ ಆಮೇಲೆ ನನಗೆ ಹೇಳಿದಳು. ಆಗ ಮಾತ್ರ ಮೆಲ್ಲಗೆ, "ಹಾಳಿ ಸೀಳೇ ಇಲ್ರಿ ಇನ್ನಾ," ಅಂದಳು.

ಕಪಾಟಿಗೆ ಆಗ ಎಂಟು ವರ್ಷವಾಗಿತ್ತು.

ಸಾವ್ಕಾರರು ನಕ್ಕರು. "ಹೊಸಾದು ಹೊಸಾದಂಗ ಇಟ್ಟೇವಿ ನೋಡು! ಒಯ್ಯಿ, ಒಯ್ಯಿ. ಮೊದ್ಲ ಬನ್ನಿ ತಗೋ. ಹಿಂದಿಂದು ಮನಸಿನ್ಯಾಗ ಇಟಗೊಬ್ಯಾಡ."

ಸಾವಿತ್ರವ್ವ ಎರಡೂ ಕೈ ಚಾಚಿದಳು. ಸಾವ್ಕಾರರು ಎಲೆ ಹಿಡಿದ ಕೈಯನ್ನು ಆಕೆಯ ಕೈಯ ಮೇಲೆ ಒಂದು ಗೇಣು ಎತ್ತರಕ್ಕೆ ತಂದು ನಿಲ್ಲಿಸಿದರು. ಬಾಯಲ್ಲಿ ತಂಗಿ. ಕೈ ಒಂದು ಗೇಣು ಮೇಲೆ. ನನ್ನ ಅಂಗೈಗೆ ತಾಗಿದ್ದ ಅದೇ ಬೆರಳು. ಅಲ್ಲಿಂದ ಎಲೆ ಬಿಟ್ಟರು.

ಆಕೆ ಕೈ ಹಿಂದೆ ತೆಗೆದುಕೊಂಡಳು. ಎಲೆ ನೆಲಕ್ಕೆ ಬಿದ್ದವು.

ಅಲ್ಲಿ ತುಂಬ ಮಂದಿ ಇದ್ದರು.

"ಕೈಯಾಗ ಕೊಡ್ರಿ, ತಗೋತೇನಿ," ಅಂದಳು ಸಾವಿತ್ರವ್ವ. ದನಿ ತಗ್ಗಿಸಲಿಲ್ಲ. "ಉದುರಿಸಿದ್ದ ಬೇಕಂದ್ರ ಬನ್ನಿ ಗಿಡದ ಬುಡಕ ಬೇಕಾದಷ್ಟ ಬಿದ್ದಿರ್ತೈತ್ರಿ."

"ಬನ್ನಿ ಒಲ್ಲೆ ಅಂತಾಳ!" ಅಂದ ಗುರಣ್ಣ. "ಸಾವ್ಕಾರು ಕೊಟ್ಟ ಬನ್ನಿ ಒಲ್ಲೆ ಅಂತಾಳ!"

"ಒಲ್ಲೆ ಅಂದಿಲ್ರಿ ನಾ. ಕೈಯಾಗ ಕೊಡ್ರಿ ಅಂದೇನಿ."

ಸಾವ್ಕಾರರು ಆಕೆಯನ್ನು ನೋಡಲಿಲ್ಲ. ಪುಸ್ತಕ ಗುರಣ್ಣನ ಕೈಯಲ್ಲಿತ್ತು. ಅವನು ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರೆ ಆಕೆಯ ಕೈಗೆ ಬರುತ್ತಿತ್ತು. ಆಕೆ ಬಗ್ಗಿ ಆ ನಾಲ್ಕು ಎಲೆ ಆರಿಸಿಕೊಂಡಿದ್ದರೂ ಬರುತ್ತಿತ್ತು. ಆಕೆ ಪುಸ್ತಕದ ಕಡೆ ನೋಡಿದ್ದನ್ನು ನಾನು ನೋಡಿದೆ. ಹಸಿದ ಕೂಸು ಬುಟ್ಟಿಯ ರೊಟ್ಟಿಯನ್ನು ಹಾಗೆ ನೋಡುತ್ತದೆ. ಆದರೂ ಆಕೆ ಬಗ್ಗಲಿಲ್ಲ.

"ಗುರಣ್ಣ, ಕಪಾಟ ಹಾಕು," ಅಂದರು ಸಾವ್ಕಾರರು. ಬೆಲ್ಲ ಮುಗಿದಿತ್ತು.

ಬೀಗ ಬಿತ್ತು. ನನ್ನ ಅಂಗೈಯಲ್ಲಿ ಅವರು ಕೊಟ್ಟ ಬನ್ನಿ ಇನ್ನೂ ಇತ್ತು. ಅವರ ಗಾದಿಯ ಅಂಚಿನ ಮೇಲೆ ಇಟ್ಟೆ. "ನನಗ ಕೈಯಾಗ ಕೊಟ್ರಿ. ಆಕಿಗಿ ಯಾಕ ಕೊಡ್ಲಿಲ್ರಿ? ಆಕಿ ಕೈಗಿ ಏನಾಗೇತಿ? ನಾ ದಿನಾ ಆಕಿ ಕೈಯಾಗಿನ ನೀರ ಕುಡೀತೇನಿ, ಸತ್ತಿಲ್ಲಲ್ಲ."

"ಶಂಕ್ರೆವ್ವ, ವಯಸ್ಸಾಗೇತಿ ನಿನಗ. ಮನಿಗಿ ಹೋಗು," ಅಂದರು.

ಮರುದಿನದಿಂದ ಕಾಲೇಜಿನ ಅರ್ಧ ಹುಡುಗರು ನನ್ನಲ್ಲಿ ರೊಟ್ಟಿ ಒಯ್ಯುವುದನ್ನು ಬಿಟ್ಟರು. ಇರಲಿ.

ಪರೀಕ್ಷೆಗೆ ಹೋದಳು. ಹೋಗಬೇಡ ಅಂದವರಿದ್ದರು. "ಅರ್ಜಿ ಹಾಕೇನಿ, ಕುರ್ಚಿ ಇಟ್ಟಿರ್ತಾರ. ನನ್ನ ಕುರ್ಚಿ ನಾ ಯಾಕ ಬಿಡ್ಲಿ?" ಅಂದಳು. ಬಿಜಾಪುರಕ್ಕೆ ಹೋಗಿ, ಗೊತ್ತಿದ್ದಷ್ಟು ಬರೆದು ಬಂದಳು. ಕೆಲವು ತಿಂಗಳ ಮೇಲೆ ಕಾರ್ಡು ಬಂತು. ಆಗಿರಲಿಲ್ಲ. ಬಾಗಿಲಲ್ಲೇ ನಿಂತು ಓದಿ, ಒಳಗೆ ಬಂದು ಒಲೆಗೆ ಹಾಕಿಬಿಟ್ಟಳು. ಒಂದು ಕಾರ್ಡಿನ ಬೆಂಕಿಯಲ್ಲಿ ಒಂದು ರೊಟ್ಟಿಯ ಅಂಚೂ ಬೇಯುವುದಿಲ್ಲ. ಒಂದು ಇಡೀ ವರ್ಷದ ಓದು ಅದರಲ್ಲಿ ಹೋಯಿತು.

ಅಷ್ಟರೊಳಗೆ ವರ್ಗವೂ ಆಗಿತ್ತು. ಮುದ್ದೇಬಿಹಾಳ ತಾಲೂಕಿನ ಕಡೆಯ ಒಂದು ಹಳ್ಳಿಗೆ. ಸಾವ್ಕಾರರು ಮಾಡಿಸಿದರು ಅಂತ ಮಂದಿ ಅಂದರು. ನನಗೆ ಗೊತ್ತಿಲ್ಲ. ಶಾಲೆಯ ವರ್ಷ ಮುಗಿದೊಡನೆ ಹೊರಡಬೇಕೆಂದು ದೀಪಾವಳಿಗೆ ಮೊದಲೇ ಹುಕುಂ ಬಂತು ಅನ್ನುವುದಷ್ಟೇ ಗೊತ್ತು. ಟ್ರಂಕು ಕಟ್ಟುವಾಗ ನಾನು ಅತ್ತೆ. ಆಕೆ ಅಳಲಿಲ್ಲ. "ಅಳಬ್ಯಾಡ ಆಯಿ, ಸಿಟ್ಟು ನೀರಾಗಿ ಹೋಗ್ತೈತಿ. ನಂಗ ಅದು ಬೇಕು," ಅಂದಳು.

ಮುದ್ದೇಬಿಹಾಳದಲ್ಲಿ ಫಕ್ರುದ್ದೀನ ಮಾಸ್ತರರಿದ್ದರು. ಹೊಸ ಪಠ್ಯದ ಪುಸ್ತಕಗಳನ್ನು ಅವರು ಭಿಕ್ಷೆ ಬೇಡಿದ ಹಾಗೆ ಬೇಡಿ ತಂದರು. ಸಿಂದಗಿಯ ಮಾಸ್ತರರೊಬ್ಬರಿಂದ ಒಂದು, ಇಂಡಿಯ ವಕೀಲರ ಮಗನಿಂದ ಇನ್ನೊಂದು, ಮನಗೂಳಿಯಿಂದ ಮತ್ತೊಂದು. ಖಾತುನಬಿ ಅವನ್ನು ಅರಿವೆಯಲ್ಲಿ ಸುತ್ತಿ, ಆಕೆಯ ಎರಡೂ ಕೈ ಹಿಡಿದು, ಕೈಯಲ್ಲಿಟ್ಟು ಕೊಡುತ್ತಿದ್ದಳಂತೆ. ಯಾವ ಕಪಾಟೂ ಇರಲಿಲ್ಲ, ಯಾವ ಫೋಟೋವೂ ಇರಲಿಲ್ಲ, ಬುಂದೆ ಹಂಚಿದವರೂ ಇರಲಿಲ್ಲ. ಓದಿದಳು. ಮೊದಲ ಸಲ ಮತ್ತೆ ಒಂದು ವಿಷಯ ಹೋಯಿತು. ಮರುವರ್ಷ ಅದನ್ನೂ ತೆಗೆದಳು. ಬಿ.ಎ. ಆದಳು. ಅಪ್ಪ ರಾವಸಾಬ ಅದನ್ನು ನೋಡಲು ಇರಲಿಲ್ಲ. ಹಳೆಯ ಪಠ್ಯದಲ್ಲಿ ಆಗಿದ್ದರೆ ನೋಡುತ್ತಿದ್ದ. ಇದನ್ನು ನಾನು ಮರೆಯುವುದಿಲ್ಲ, ಎಷ್ಟು ಸಲ ಬನ್ನಿ ಕೊಟ್ಟರೂ ಮರೆಯುವುದಿಲ್ಲ.

ಈಗ ಸಿಂದಗಿಯಲ್ಲಿದ್ದಾಳೆ. ಪ್ರತಿ ವರ್ಷ ಬನ್ನಿಗೆ ಬಸ್ಸು ಹತ್ತಿ ನನ್ನ ಮನೆಗೆ ಬರುತ್ತಾಳೆ. ಬಾಗೇವಾಡಿಯಲ್ಲಿ ಬೇರೆ ಯಾರ ಮನೆಗೂ ಹೋಗುವುದಿಲ್ಲ. ನನ್ನ ಅಂಗೈಯಲ್ಲಿ ಎಲೆ ಇಟ್ಟು, ಬೆರಳು ಮಡಿಸಿ, ಗಟ್ಟಿಯಾಗಿ ಹಿಸುಕುತ್ತಾಳೆ. ನೋವಾಗುವಷ್ಟು.

ಇಷ್ಟೆಲ್ಲ ಆದ ಮೇಲೆ ಸಾವ್ಕಾರರು ಮೈಕಿನಲ್ಲಿ ಹೇಳಿದರು, ನಮ್ಮ ಭಂಡಾರದ ಪುಸ್ತಕ ಓದಿ ಆದಳು ಅಂತ. ಕೊಡದವರು ಕೊಡದೆ ಇದ್ದರೆ ಅದೊಂದು ಪಾಪ. ಕೊಡದೆ, ಕೊಟ್ಟೆ ಅಂತ ಚಪ್ಪಾಳೆ ತೆಗೆದುಕೊಳ್ಳುವುದಕ್ಕೆ ಏನನ್ನುತ್ತಾರೆ? ಆ ಶಬ್ದ ನಾಲ್ಕನೆಯ ಇಯತ್ತೆಯಲ್ಲಿ ಕಲಿಸಿರಲಿಲ್ಲ.

ಗ್ಯಾದರಿಂಗಿನ ಮರುದಿನ ನಾನು ಗ್ರಂಥಾಲಯಕ್ಕೆ ಹೋದೆ. ಗುರಣ್ಣ ಮುದುಕನಾಗಿದ್ದಾನೆ, ಬೀಗದ ಕೈ ಮಾತ್ರ ಇನ್ನೂ ಉಡದಾರದಲ್ಲೇ ಇದೆ.

"ಆ ಕೆಂಪ್ ಪುಸ್ತಕ ತೋರ್ಸು," ಅಂದೆ.

"ಯಾಕಬೇ ಆಯಿ, ಈ ವಯಸ್ಸಿನ್ಯಾಗ ಬಿ.ಎ. ಮಾಡಾಕೇನು?"

"ಮಾಡ್ತೇನಿ. ತಗೀ."

ಏನನ್ನಿಸಿತೋ, ತೆಗೆದ. ಈ ಸಲವೂ ಬಾಗಿಲು ಹಿಡಿದುಕೊಂಡಿತ್ತು. ಪುಸ್ತಕ ತಂದು ನನ್ನ ಕೈಯಲ್ಲೇ ಕೊಟ್ಟ. ನನಗೆ ಯಾವಾಗಲೂ ಕೈಯಲ್ಲೇ ಕೊಡುತ್ತಾರೆ. ಬೆರಳು ಹಾಕಿ ನೋಡಿದೆ. ರಟ್ಟಿನ ಒಳಗಿನ ಮೊದಲ ಹಾಳೆ ಬಿಟ್ಟರೆ ಬೆರಳು ಮುಂದೆ ಹೋಗಲಿಲ್ಲ. ಅಂಚು ಹಾಗೇ ಕೂಡಿದ್ದವು. ಓದಿದ ಪುಸ್ತಕ ಹಾಗಿರುವುದಿಲ್ಲ. ಗುರಣ್ಣನ ಕಣ್ಣ ಮುಂದೆ ಹಿಡಿದೆ. ಅವನು ಬೇರೆ ಕಡೆ ನೋಡಿದ.

ನಾನು ಬರೆದದ್ದು ಸುಳ್ಳು ಅನ್ನುವವರು ಯಾರಾದರೂ ಇದ್ದರೆ ಬಾಗೇವಾಡಿಗೆ ಬಂದು ನೋಡಲಿ. ಗಾಜಿನ ಕಪಾಟು, ಮೇಲಿನಿಂದ ಎರಡನೆಯ ಸಾಲು, ಕೆಂಪು ರಟ್ಟು. ಬರುವವರು ಒಂದು ಚಾಕು ಹಿಡಿದುಕೊಂಡು ಬನ್ನಿ.